ಹೆಚ್ಚು ಯಾವುದು, ಕಡಮೆ ಯಾವುದು?

ಎರಡು ಸಂಖ್ಯೆಗಳಲ್ಲಿ ಹೆಚ್ಚು ಯಾವುದು, ಕಡಮೆ ಯಾವುದು ಎಂಬುದು ಎಳೆಯ ಮಕ್ಕಳಿಗೆ ಕೇಳತಕ್ಕ ಪ್ರಶ್ನೆಯೆಂದು ವಾಚಕರಿಗೆ ತೋರಬಹುದು. 13ಕ್ಕಿಂತ 20 ಹೆಚ್ಚೆಂಬುದನ್ನು ಅರಿಯದವರಾರು? ಆದರೆ 16ರಲ್ಲಿ 13 ಭಾಗ ಹೆಚ್ಚೋ, 24ರಲ್ಲಿ 20 ಭಾಗ ಹೆಚ್ಚೋ ಎಂದು ಕೇಳಿದೊಡನೆ ಕಾಲೇಜು ವಿದ್ಯಾರ್ಥಿಯೂ ಕ್ಷಣಕಾಲ ತಡೆಯುತ್ತಾನೆ. ಚಿನ್ನದ ವ್ಯವಹಾರದಲ್ಲಾದರೋ ಈ ಲೆಕ್ಕ ತಪ್ಪಿದರೆ ನಷ್ಟವೇ ಸರಿ.

ಚಿನ್ನದ ಮಾತು ಬಂದಾಗ ಕೋಲಾರ ಜಿಲ್ಲೆಯ ನೆನಪಾಗುವುದು ಸಹಜ. ಅಲ್ಲಿಯ ಗಣಿಗಳು 2001ರಲ್ಲಿ ಮುಚ್ಚುವ ವೇಳೆಗೆ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದುವು. ಅದೇ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನಲ್ಲಿರುವ ಆವನಿಯು ನೊಳಂಬರ ಕಾಲದ ದೇವಾಲಯಗಳಿಂದ ಪ್ರಸಿದ್ಧವಾಗಿದೆ. ನೊಳಂಬರು ಈ ಭಾಗದಲ್ಲಿ ತಲೆಯೆತ್ತಿದ ಒಂಬತ್ತನೆಯ ಶತಮಾನದಲ್ಲಿಯೇ, ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ, ಜೈನ ಗಣಿತಜ್ಞನಾದ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ಬೇರೆ ಬೇರೆ ಬಣ್ಣದ ಚಿನ್ನವನ್ನು ಬೆರೆಸುವ ಲೆಕ್ಕಗಳು ಅದರಲ್ಲಿ ಹಲವುಂಟು. ಅಲ್ಲಿ ಅಪ್ಪಟ ಚಿನ್ನಕ್ಕೆ 16 ವರ್ಣ, ಎಂದರೆ 16 ಬಣ್ಣ. ಇಂದಿನ ಅಳತೆಯಲ್ಲಿ ಅದು 24 ಕ್ಯಾರಟ್.

ಆವನಿಯ ರೈತನೊಬ್ಬನ ಬಳಿ 48 ಗ್ರಾಂ ತೂಕದ ಎರಡು ಕಡಗಗಳಿವೆಯೆಂದು ಭಾವಿಸೋಣ. ಒಂದು 13 ಬಣ್ಣದ್ದು, ಇನ್ನೊಂದು 20 ಕ್ಯಾರಟಿನದು. ಉತ್ತಮವಾದುದನ್ನು ಉಳಿಸಿಕೊಂಡು ಮತ್ತೊಂದನ್ನು ಮಾರಬೇಕೆಂದು ಅವನ ಇಚ್ಛೆ. “13ಕ್ಕಿಂತ 20 ದೊಡ್ಡದು, ಎರಡನೆಯದೇ ಮೇಲು” ಎಂದು ಒಬ್ಬನು ಹೇಳಬಹುದು. “ಮೊದಲನೆಯದಕ್ಕೆ ಮೂರೇ ಭಾಗ ಕೊರತೆ, ಎರಡನೆಯದಕ್ಕೆ ನಾಲ್ಕು; ಆದುದರಿಂದ ಮೊದಲನೆಯದೇ ಮೇಲು” ಎಂದು ಇನ್ನೊಬ್ಬನು ವಾದಿಸಬಹುದು. ಇಬ್ಬರ ವಾದವೂ ನಿಲ್ಲುವುದಿಲ್ಲ. ಹದಿನಾರರ ಒಂದು ಭಾಗವೂ ಇಪ್ಪತ್ತನಾಲ್ಕರ ಒಂದು ಭಾಗವೂ ಸಮವಲ್ಲವಷ್ಟೆ! ಮೊಳದಿಂದ ಅಳೆದುದನ್ನು ಗೇಣಿನಿಂದ ಅಳೆದುದರೊಡನೆ ಹೋಲಿಸಿದಂತಾಯಿತು.

ಹಾಗಾದರೆ ಮಾಡಬೇಕಾದುದೇನು? ಎರಡನ್ನೂ ಒಂದೇ ಛೇದಕ್ಕೆ ತರಬೇಕು. 16 ಮತ್ತು 24 ಎರಡರಿಂದಲೂ ಶೇಷವಿಲ್ಲದೆ ಭಾಗವಾಗುವ ಅತ್ಯಂತ ಚಿಕ್ಕ ಸಂಖ್ಯೆ 48. ಇಂಥ ಸಂಖ್ಯೆಯನ್ನು ನಾವು ಲಘುತಮ ಸಾಮಾನ್ಯ ಅಪವರ್ತ್ಯವೆನ್ನುತ್ತೇವೆ. ಮಹಾವೀರನು ಇದನ್ನು ‘ನಿರುದ್ಧ’ವೆಂದು ಕರೆದು ಭಿನ್ನರಾಶಿಗಳ ಲೆಕ್ಕದಲ್ಲಿ ಬಳಸಿದ್ದಾನೆ. ಈಗ 13/16 ಎಂಬುದು 39/48 ಆಗುತ್ತದೆ. 20/24 ಎಂಬುದು 40/48 ಆಗುತ್ತದೆ. ಅಂದಮೇಲೆ ಮೊದಲನೆಯ ಕಡಗದಲ್ಲಿ 39 ಗ್ರಾಂ, ಎರಡನೆಯದರಲ್ಲಿ 40 ಗ್ರಾಂ ಅಪ್ಪಟ ಚಿನ್ನವಿದೆ. ಉಳಿಸಿಕೊಳ್ಳಬೇಕಾದುದು ಎರಡನೆಯದನ್ನೇ.

ಮೊದಲಿನವನ ಉತ್ತರ ಸರಿಯಾಯಿತಲ್ಲ ಎನ್ನುವಿರಾ? ಅದು ಕೇವಲ ಆಕಸ್ಮಿಕ. 13ರ ಬದಲು 14 ಬಣ್ಣವಿದ್ದರೆ 42/48 ಆಗುತ್ತಿತ್ತು. 20ಕ್ಕಿಂತ 14 ಚಿಕ್ಕದಾದರೂ ಆ ಕಡಗವೇ ಮೇಲೆನಿಸುತ್ತಿತ್ತು.

ಇನ್ನೊಂದು ಸುಲಭೋಪಾಯವೂ ಉಂಟು. ಒಂದರ ಅಂಶವನ್ನು ಇನ್ನೊಂದರ ಛೇದದಿಂದ ಗುಣಿಸಿ ನೋಡುವುದು. 13 × 24 = 312; 20 × 16 = 320. ಇಲ್ಲಿಯೂ ಎರಡನ್ನೂ 16 × 24, ಅಂದರೆ 384 ಎಂಬ ಒಂದೇ ಛೇದಕ್ಕೆ ತಂದಂತಾಯಿತು. ಅದನ್ನು ಬರೆಯುವ ಶ್ರಮ ಮಾತ್ರ ಉಳಿಯಿತು.

ಈ ಉಪಾಯದಿಂದ ಇಂದಿನ ಆಭರಣಗಳ ಹಾಲ್‌ಮಾರ್ಕನ್ನೂ ಪರೀಕ್ಷಿಸಬಹುದು. 22 ಕ್ಯಾರಟ್ ಚಿನ್ನಕ್ಕೆ 916 ಎಂಬ ಗುರುತು. ಎಂದರೆ ಸಾವಿರದಲ್ಲಿ 916 ಭಾಗ ಅಪ್ಪಟ ಚಿನ್ನ. 22/24 ಮತ್ತು 916/1000 ಸಮವೇ? 22 × 1000 = 22,000; 916 × 24 = 21,984. ಸಮವಲ್ಲ; 916 ಎಂಬುದು ಕೂದಲೆಳೆಯಷ್ಟು ಕಡಮೆ. 12 ಗ್ರಾಂ ಆಭರಣದಲ್ಲಿ ಒಂದು ಲೆಕ್ಕದಂತೆ 11 ಗ್ರಾಂ, ಇನ್ನೊಂದರಂತೆ 10.992 ಗ್ರಾಂ, ವ್ಯತ್ಯಾಸ 8 ಮಿಲಿಗ್ರಾಂ. 22ನ್ನು 24ರಿಂದ ಭಾಗಿಸಿದಾಗ ಬರುವ 0.91666… ಎಂಬ ಮುಗಿಯದ ದಶಮಾಂಶವನ್ನು ಮೂರನೆಯ ಸ್ಥಾನದಲ್ಲಿ ತುಂಡರಿಸಿದುದೇ ಇದಕ್ಕೆ ಕಾರಣ.

ಅಳತೆ ಒಂದಾಗದೆ ಹೋಲಿಕೆಯಿಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಕೊನೆಯದಾಗಿ ವಾಚಕರಿಗೊಂದು ಪ್ರಶ್ನೆ: 15 ಬಣ್ಣದ ಚಿನ್ನ ಮೇಲೋ, 23 ಕ್ಯಾರಟಿನ ಚಿನ್ನ ಮೇಲೋ? ಎರಡಕ್ಕೂ ಒಂದೊಂದೇ ಭಾಗ ಕೊರತೆ. ಆ ಒಂದು ಭಾಗ ಎಲ್ಲಿ ಕಿರಿದೆಂದು ಯೋಚಿಸಿದರೆ, ಕಾಗದ ಪೆನ್ಸಿಲುಗಳ ನೆರವಿಲ್ಲದೆಯೇ ಉತ್ತರ ದೊರೆಯುವುದು.