ವಿಜ್ಞಾನಿಯ ಕೆಲಸವನ್ನು ಅಳೆಯುವುದು ಹೇಗೆ?



ನವಲಗುಂದ, ಅಣ್ಣಿಗೇರಿ ಕಡೆಯ ಎರೆಹೊಲಗಳಲ್ಲಿ ಹಿಂಗಾರಿ ಕಡಲೆ ಚೆನ್ನಾಗಿ ಬಂದರೆ ಪಕ್ಕದ ಹೊಲದವರು ಮೊದಲು ಕೇಳುವುದು, “ಬೀಜ ಎಲ್ಲಿಂದ ತಂದ್ರಿ?” ಎಂದು. ಬೆಳೆದವರು ಮುಚ್ಚಿಡದೆ ಇಂಥವರಿಂದ ತಂದೆ ಎನ್ನುತ್ತಾರೆ. ಅಣ್ಣಿಗೇರಿಯ ಹೆಸರನ್ನೇ ಹೊತ್ತ ‘ಅಣ್ಣಿಗೇರಿ-1’ ಕಡಲೆ ತಳಿ ಹೆಸರುವಾಸಿಯಾದದ್ದೂ ರೈತರು ಮತ್ತೆ ಮತ್ತೆ ಅದನ್ನು ಬಿತ್ತಿದ್ದರಿಂದಲೇ. ವಿಜ್ಞಾನದಲ್ಲಿಯೂ ಇಂಥದೇ ಒಂದು ಲೆಕ್ಕವಿದೆ. ಅದಕ್ಕೆ ಉಲ್ಲೇಖದ ಲೆಕ್ಕ ಎನ್ನುತ್ತಾರೆ.

ಉಲ್ಲೇಖ ಎಂದರೇನು?

ವಿಜ್ಞಾನಿ ತಾನು ಕಂಡುಕೊಂಡದ್ದನ್ನು ಸಂಶೋಧನ ಪತ್ರಿಕೆಯಲ್ಲಿ ಲೇಖನವಾಗಿ ಪ್ರಕಟಿಸುತ್ತಾನೆ. ಯಾರ ಯಾರ ಕೆಲಸವನ್ನು ತಾನು ಬಳಸಿಕೊಂಡೆ ಎಂಬುದನ್ನು ಲೇಖನದ ಕೊನೆಯಲ್ಲಿ ಪಟ್ಟಿ ಮಾಡುತ್ತಾನೆ. ಪಟ್ಟಿಯಲ್ಲಿ ಬಂದ ಪ್ರತಿಯೊಂದು ಲೇಖನಕ್ಕೂ ಒಂದೊಂದು ಉಲ್ಲೇಖ ಸಿಕ್ಕಂತಾಯಿತು. ಅಮೆರಿಕದ ಯೂಜೀನ್ ಗಾರ್‌ಫೀಲ್ಡ್ 1964ರಲ್ಲಿ ‘ಸೈನ್ಸ್ ಸೈಟೇಶನ್ ಇಂಡೆಕ್ಸ್’ ಎಂಬ ಸೂಚಿಯನ್ನು ಹೊರತಂದರು. ಒಂದು ಲೇಖನವನ್ನು ಮುಂದೆ ಯಾರು ಯಾರು ಬಳಸಿದರು ಎಂದು ಹುಡುಕುವುದು ಇದರಿಂದ ಸುಲಭವಾಯಿತು.

2005ರಲ್ಲಿ ಭೌತವಿಜ್ಞಾನಿ ಜಾರ್ಜ್ ಹಿರ್ಶ್ ‘ಎಚ್ ಸೂಚ್ಯಂಕ’ ಎಂಬ ಅಳತೆಯನ್ನು ಸೂಚಿಸಿದರು. ಒಬ್ಬರ ಐದು ಲೇಖನಗಳಿಗೆ 20, 9, 4, 3, 1 ಉಲ್ಲೇಖಗಳು ಬಂದಿವೆ ಎನ್ನಿ. ಕನಿಷ್ಠ 3 ಉಲ್ಲೇಖ ಪಡೆದ ಲೇಖನಗಳು ಮೂರಾದರೂ ಇವೆ. ಕನಿಷ್ಠ 4 ಪಡೆದವು ನಾಲ್ಕಿಲ್ಲ. ಆದ್ದರಿಂದ ಅವರ ಸೂಚ್ಯಂಕ 3. ಮೊದಲ ಲೇಖನಕ್ಕೆ 20ರ ಬದಲು 2000 ಉಲ್ಲೇಖ ಬಂದರೂ ಸೂಚ್ಯಂಕ ಮೂರೇ!

ನಮ್ಮ ನಾಡಿನ ಉದಾಹರಣೆ

ವಸ್ತು ವಿಜ್ಞಾನದಲ್ಲಿ ಜಗತ್ಪ್ರಸಿದ್ಧರಾದ ಸಿ. ಎನ್. ಆರ್. ರಾವ್ 1934ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದರು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಿಂದ 1958ರಲ್ಲಿ ಡಾಕ್ಟರೇಟ್ ಪಡೆದು ತಾಯ್ನಾಡಿಗೆ ಮರಳಿದರು. ಕಾನಪುರದ ಐಐಟಿಯಲ್ಲಿ ದುಡಿದು, 1976ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. 1984ರಿಂದ 1994ರವರೆಗೆ ಅದರ ನಿರ್ದೇಶಕರಾಗಿದ್ದರು. 2014ರಲ್ಲಿ ಭಾರತರತ್ನ ಪಡೆದರು. ಅವರ ಹೆಸರಿನಲ್ಲಿ 1500ಕ್ಕೂ ಹೆಚ್ಚು ಲೇಖನಗಳಿವೆ. ಎಚ್ ಸೂಚ್ಯಂಕ 100ನ್ನು ದಾಟಿದೆ. ಅಂದರೆ ಕನಿಷ್ಠ ನೂರು ಲೇಖನಗಳಿಗೆ, ಒಂದೊಂದಕ್ಕೂ ಕನಿಷ್ಠ ನೂರು ಉಲ್ಲೇಖಗಳು ಬಂದಿವೆ ಎಂದರ್ಥ.

ಈ ಅಂಕಿಗಳ ಹಿಂದೆ ಏನಿದೆ? ರಾವ್ ಅವರ ತಂಡ ಲೋಹಗಳ ಆಕ್ಸೈಡುಗಳನ್ನು ಬಹುಕಾಲ ಅಭ್ಯಾಸ ಮಾಡಿತ್ತು. ಆಗ ಆ ವಿಷಯಕ್ಕೆ ಹೆಚ್ಚು ಜನರ ಗಮನವಿರಲಿಲ್ಲ. 1986ರಲ್ಲಿ ಬೆಡ್ನೋರ್ಜ್ ಮತ್ತು ಮುಲ್ಲರ್ ಎಂಬ ವಿಜ್ಞಾನಿಗಳು ತಾಮ್ರದ ಆಕ್ಸೈಡೊಂದು ಅತಿವಾಹಕವಾಗುತ್ತದೆ, ಎಂದರೆ ತಡೆಯೇ ಇಲ್ಲದೆ ವಿದ್ಯುತ್ತನ್ನು ಹರಿಯಬಿಡುತ್ತದೆ ಎಂದು ತೋರಿಸಿದರು. ಜಗತ್ತೆಲ್ಲ ಅತ್ತ ತಿರುಗಿತು. ಬೆಂಗಳೂರಿನ ತಂಡಕ್ಕೆ ಆ ವಸ್ತುಗಳ ಪರಿಚಯ ಮೊದಲೇ ಇದ್ದುದರಿಂದ 1987ರಲ್ಲಿ ಅದೂ ಮುಂಚೂಣಿಯಲ್ಲಿ ನಿಂತಿತು. ಹೊಲ ಮೊದಲೇ ಹದಮಾಡಿದವನಿಗೆ ಮಳೆ ಬಂದೊಡನೆ ಬಿತ್ತುವುದು ಸುಲಭವಲ್ಲವೆ?

ಇನ್ನೊಂದು ಬಗೆಯ ಲೇಖನವೂ ಇದೆ. ಎ. ಕೆ. ಸೂದ್ ಮೊದಲಾದವರೊಡನೆ ರಾವ್ 2009ರಲ್ಲಿ ಗ್ರಾಫೀನ್ ಕುರಿತು ಸಮೀಕ್ಷಾ ಲೇಖನ ಬರೆದರು. ಗ್ರಾಫೀನ್ ಎಂದರೆ ಒಂದೇ ಪರಮಾಣುವಿನಷ್ಟು ದಪ್ಪದ ಇಂಗಾಲದ ಹಾಳೆ. ಆವರೆಗಿನ ತಿಳಿವಳಿಕೆಯನ್ನು ಒಂದೆಡೆ ಕೂಡಿಸಿದ್ದರಿಂದ ಆ ಲೇಖನಕ್ಕೆ ಬಹಳ ಉಲ್ಲೇಖಗಳು ಬಂದವು.

ಲೆಕ್ಕ ಹೇಳದ ಮಾತು

ಹಾಗಾದರೆ ಹೆಚ್ಚು ಉಲ್ಲೇಖ ಪಡೆದವರೇ ದೊಡ್ಡ ವಿಜ್ಞಾನಿಗಳೆ? ಅವಸರ ಬೇಡ. 1989ರಲ್ಲಿ ಇಬ್ಬರು ವಿಜ್ಞಾನಿಗಳು ಕೋಣೆಯ ಉಷ್ಣತೆಯಲ್ಲಿಯೇ ಪರಮಾಣು ಸಂಲಯನ ಸಾಧಿಸಿದೆವೆಂದು ಬರೆದರು. ಆ ಲೇಖನಕ್ಕೂ ಸಾಕಷ್ಟು ಉಲ್ಲೇಖ ಬಂತು. ಅದು ನಿಲ್ಲುವುದಿಲ್ಲ ಎಂದು ತೋರಿಸಿದವರೂ ಅದನ್ನು ಉಲ್ಲೇಖಿಸಲೇಬೇಕಾಯಿತು. ಗಣಿತದಲ್ಲಿ ಉಲ್ಲೇಖಗಳು ಕಡಿಮೆ, ರಸಾಯನ ವಿಜ್ಞಾನದಲ್ಲಿ ಹೆಚ್ಚು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ವಯಸ್ಸಾದಂತೆ ಸೂಚ್ಯಂಕ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಸಾವಿರಾರು ಲೇಖನಗಳ ಹಿಂದೆ ಹಗಲಿರುಳು ಪ್ರಯೋಗ ಮಾಡಿದ ವಿದ್ಯಾರ್ಥಿಗಳ ಶ್ರಮವೂ ಇರುತ್ತದೆ.

ಕುಂದಗೋಳ, ಕಲಘಟಗಿಯ ಕಾಲೇಜುಗಳಿಂದ ನಾಳೆ ಸಂಶೋಧನೆಗೆ ಹೋಗುವ ನೀವು ಇದನ್ನು ತಿಳಿದಿರಬೇಕು. ನೌಕರಿ, ಬಡ್ತಿಗಳಿಗೂ ಈ ಅಂಕಿಗಳನ್ನು ನೋಡುವುದುಂಟು. ಆಗ ಒಂದು ಕೆಲಸವನ್ನು ಮೂರು ಲೇಖನ ಮಾಡುವ, ಗೆಳೆಯರು ಒಬ್ಬರನ್ನೊಬ್ಬರು ಉಲ್ಲೇಖಿಸುವ, ಹಣ ಕೊಟ್ಟರೆ ಏನನ್ನಾದರೂ ಅಚ್ಚುಹಾಕುವ ಪತ್ರಿಕೆಗೆ ಕಳಿಸುವ ಆಸೆ ಹುಟ್ಟುತ್ತದೆ. ರಾಶಿ ದೊಡ್ಡದು ಕಂಡರೆ ಸಾಲದು, ತೂರಿದ ಮೇಲೆ ಉಳಿಯುವ ಕಾಳೆಷ್ಟು ಎಂಬುದು ಮುಖ್ಯ. ಅದನ್ನು ತಿಳಿಯಲು ಲೇಖನವನ್ನು ಓದಿಯೇ ನೋಡಬೇಕು.

ಮಾಡಿ ನೋಡಿ

ಆರು ಲೇಖನಗಳಿಗೆ 12, 8, 6, 5, 2, 0 ಉಲ್ಲೇಖಗಳು ಬಂದಿದ್ದರೆ ಎಚ್ ಸೂಚ್ಯಂಕ ಎಷ್ಟು? (ಉತ್ತರ: 4.) ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಮಾದರಿ ಮಾಡಿದಾಗ ಯಾವ ಪುಸ್ತಕ ನೋಡಿದಿರಿ, ಯಾರನ್ನು ಕೇಳಿದಿರಿ ಎಂಬುದನ್ನು ಕೊನೆಯ ಪುಟದಲ್ಲಿ ಬರೆಯಿರಿ. ಬೀಜ ಕೊಟ್ಟವರ ಹೆಸರು ಹೇಳುವ ಆ ರೂಢಿಯಿಂದಲೇ ಸಂಶೋಧನೆ ಆರಂಭವಾಗುತ್ತದೆ.