ಹದಿನಾಲ್ಕು ತೋಳಗಳ ಮೂಲಧನ

ತೋಳ ಅಂದರೆ ನಮಗೆ ಗೊತ್ತಿರುವುದು ಎರಡೇ. ಒಂದು, ಕುರಿ ಹಿಂಡಿಗೆ ನುಗ್ಗುವ ಕಳ್ಳ. ಇನ್ನೊಂದು, 'ತೋಳ ಬಂತು ತೋಳ' ಎಂದು ಸುಳ್ಳು ಕೂಗಿದ ಹುಡುಗನ ಕಥೆಯದು. ಆ ಕಥೆಯಲ್ಲಿ ಕೊನೆಗಾದರೂ ತೋಳ ಬರುತ್ತದೆ. ಎಷ್ಟು ಕೂಗಿದರೂ ತೋಳವೇ ಬಾರದ ಕಾಲ ಅಮೆರಿಕದಲ್ಲಿ ಬಂತು. ೧೯೮೦ರಲ್ಲಿ ಅಲ್ಲಿನ ಸರಕಾರ, ಕೆಂಪು ತೋಳ ಎಂಬ ಜಾತಿ ಕಾಡಿನಲ್ಲಿ ಇನ್ನಿಲ್ಲ ಎಂದು ಸಾರಿಬಿಟ್ಟಿತು.

ಹಾಗಾದರೆ ವಂಶ ಮುಗಿಯಿತೆ? ಇಲ್ಲ. ಅಷ್ಟರಲ್ಲಾಗಲೇ ೧೪ ತೋಳಗಳನ್ನು ಬೋನಿನೊಳಗೆ ಮೂಲಧನವಾಗಿ ಇಟ್ಟುಕೊಂಡಿದ್ದರು. ಅಂಗಡಿ ನಡೆಸುವವರಿಗೆ ಈ ಕಥೆ ಬೇಗ ಅರ್ಥವಾದೀತು. ಮೊದಲಿಂದ ಕೊನೆವರೆಗೂ ಇದು ಲೆಕ್ಕದ ಕಥೆ.

ಯಾವುದಪ್ಪಾ ಈ ತೋಳ?

ಅಮೆರಿಕದ ಆಗ್ನೇಯ ಭಾಗದ ಪ್ರಾಣಿ. ಬೂದು ಕಂದು ಮೈ. ಕಿವಿಯ ಹಿಂದೆ, ಕತ್ತು, ಕಾಲುಗಳಲ್ಲಿ ಕೆಂಪು ಛಾಯೆ. ತೂಕ ೨೦ರಿಂದ ೩೫ ಕಿಲೋ. ಜಿಂಕೆ, ಮೊಲ ಅದರ ಊಟ. ಗಂಡು ಹೆಣ್ಣು ಜೊತೆಯಾದರೆ ಸಾಮಾನ್ಯವಾಗಿ ಕೊನೆತನಕ ಸಂಸಾರ. ದೊಡ್ಡ ಮರಿಗಳು ಚಿಕ್ಕ ಮರಿಗಳನ್ನು ನೋಡಿಕೊಳ್ಳುವುದೂ ಉಂಟು.

ಇಂಥದ್ದು ಹಾಳಾದದ್ದು ಹೇಗೆ? ಕಾಡು ಕಡಿದು ಹೊಲ ಮಾಡಿದರು. ದನಕರು ಹಿಡಿಯುತ್ತದೆ ಎಂದು ಗುಂಡು, ವಿಷ, ಉರುಲು ಮೂರನ್ನೂ ಬಳಸಿದರು. ಕೊಂದವರಿಗೆ ತಲೆಗಿಷ್ಟು ಎಂದು ಇನಾಮು ಬೇರೆ. ಕೊನೆಗೆ ಲೂಯಿಸಿಯಾನ ಮತ್ತು ಟೆಕ್ಸಾಸ್ ಕರಾವಳಿಯ ಜೌಗು ನೆಲದಲ್ಲಿ ಒಂದಿಷ್ಟು ಉಳಿದವು. ಅಲ್ಲಿ ಇನ್ನೊಂದು ತಾಪತ್ರಯ. ಜೊತೆಗೆ ತೋಳ ಸಿಗದೆ ಅವು ಕಯೋಟಿಗಳ ಜೊತೆ ಕೂಡಿದವು. ಕಯೋಟಿ ಅಂದರೆ ತೋಳದ ದಾಯಾದಿ, ಮೈಕಟ್ಟಿನಲ್ಲಿ ತೋಳಕ್ಕಿಂತ ಚಿಕ್ಕದು. ಬೆರಕೆ ಮರಿಗಳು ಹುಟ್ಟಿ ಅಸಲಿ ತಳಿಯೇ ಕರಗತೊಡಗಿತು.

ನಾನೂರರಲ್ಲಿ ಹದಿನಾಲ್ಕು

ಅಲ್ಲಿನ ವನ್ಯಜೀವಿ ಇಲಾಖೆ ೧೯೭೦ರ ದಶಕದಲ್ಲಿ ಎಚ್ಚೆತ್ತಿತು. ಉಳಿದವನ್ನೆಲ್ಲ ಹಿಡಿದು ಒಳಗಿಟ್ಟು ಮರಿ ಮಾಡಿಸುವುದೊಂದೇ ದಾರಿ ಎಂದು ತೀರ್ಮಾನವಾಯಿತು. ೪೦೦ಕ್ಕೂ ಹೆಚ್ಚು ಪ್ರಾಣಿಗಳನ್ನು ಹಿಡಿದರು. ಯಾವುದು ಅಸಲಿ, ಯಾವುದು ಬೆರಕೆ? ತಲೆಬುರುಡೆ ಅಳೆದರು, ಎಕ್ಸ್-ರೇ ತೆಗೆದರು, ಊಳಿಡುವ ದನಿಯನ್ನೂ ಪರೀಕ್ಷಿಸಿದರು. ೪೩ ಪಾಸಾದವು. ವಾಷಿಂಗ್ಟನ್ ರಾಜ್ಯದ ಟಕೋಮಾ ಊರಿನ ಪಾಯಿಂಟ್ ಡಿಫೈಯನ್ಸ್ ಮೃಗಾಲಯ ಅವುಗಳ ಹೊಣೆ ಹೊತ್ತಿತು.

೧೯೭೭ರಲ್ಲಿ ಮೊದಲ ಮರಿಗಳು ಹುಟ್ಟಿದವು. ಮರಿ ನೋಡಿದ ಮೇಲೆ ಗೊತ್ತಾಯಿತು, ಕೆಲವು ತಂದೆತಾಯಿಗಳೇ ಬೆರಕೆ! ಅವನ್ನು ಬದಿಗಿಟ್ಟರು. ೧೭ ಉಳಿದವು. ಅದರಲ್ಲಿ ೩ಕ್ಕೆ ಮರಿಯೇ ಆಗಲಿಲ್ಲ. ಕೊನೆಗೆ ಕೈಗೆ ಬಂದದ್ದು ೧೪.

ಅಲ್ಲಿಂದ ಶುರುವಾಯಿತು ಖಾತೆ ಪುಸ್ತಕ. ಪ್ರತಿ ತೋಳಕ್ಕೂ ನಂಬರು. ಅಪ್ಪ ಯಾರು, ಅಮ್ಮ ಯಾರು, ಎಲ್ಲಿ ಹುಟ್ಟಿತು ಎಲ್ಲಾ ದಾಖಲೆ. ನಮ್ಮಲ್ಲಿ ಮದುವೆಗೆ ಮುಂಚೆ ಗೋತ್ರ ಕೇಳುವುದಿಲ್ಲವೆ, ಹಾಗೆ. ಹತ್ತಿರದ ರಕ್ತ ಸೇರಿದರೆ ಮರಿಗಳು ಬಲಹೀನ. ಅದಕ್ಕೇ ಈ ಊರಿನ ಗಂಡನ್ನು ಸಾವಿರ ಮೈಲಿ ಆಚೆಯ ಹೆಣ್ಣಿನ ಬಳಿಗೆ ಸಾಗಿಸುತ್ತಾರೆ. ಈಗ ಸುಮಾರು ೫೦ ಮೃಗಾಲಯ, ಕೇಂದ್ರಗಳಲ್ಲಿ ೨೫೦ಕ್ಕೂ ಹೆಚ್ಚು ತೋಳಗಳಿವೆ. ಎಲ್ಲವೂ ಆ ೧೪ರ ಸಂತಾನವೇ.

ಮತ್ತೆ ಕಾಡಿಗೆ

೧೯೮೭ರಲ್ಲಿ ನಾರ್ತ್ ಕೆರೊಲಿನಾ ರಾಜ್ಯದ ಅಲಿಗೇಟರ್ ರಿವರ್ ಅಭಯಾರಣ್ಯದಲ್ಲಿ ೪ ಜೋಡಿ ಬಿಟ್ಟರು. ಮರುವರ್ಷವೇ ಕಾಡಿನಲ್ಲಿ ಮರಿ! ೧೯೯೧ರಲ್ಲಿ ಗ್ರೇಟ್ ಸ್ಮೋಕಿ ಬೆಟ್ಟಗಳಲ್ಲೂ ಬಿಟ್ಟು ನೋಡಿದರು. ರೋಗ ಬಡಿಯಿತು, ಆಹಾರ ಸಾಲಲಿಲ್ಲ, ಮರಿಗಳು ಉಳಿಯಲಿಲ್ಲ. ೧೯೯೮ರಲ್ಲಿ ಅದನ್ನು ಕೈಬಿಟ್ಟರು. ಆದರೆ ನಾರ್ತ್ ಕೆರೊಲಿನಾದಲ್ಲಿ ೨೦೦೦ದ ದಶಕದಲ್ಲಿ ಸಂಖ್ಯೆ ೧೦೦ ದಾಟಿತು.

ಇದಕ್ಕೆ ಎರಡು ಉಪಾಯ ಮಾಡಿದ್ದರು. ಕೇಳಿ, ಮಜವಾಗಿದೆ. ಬೋನಿನಲ್ಲಿ ಹುಟ್ಟಿ ಎರಡು ವಾರ ತುಂಬದ ಮರಿಯನ್ನು, ಕಾಡಿನಲ್ಲಿ ಅದೇ ಹೊತ್ತಿಗೆ ಹಡೆದ ತೋಳದ ಗುಹೆಯಲ್ಲಿ ಸದ್ದಿಲ್ಲದೆ ಇಟ್ಟು ಬರುವುದು. ತಾಯಿ ತನ್ನದೇ ಎಂದು ಹಾಲು ಕುಡಿಸುತ್ತದೆ. ಎರಡನೆಯದು, ಕಯೋಟಿಗಳಿಗೆ ಸಂತಾನಹರಣ ಮಾಡಿ ಅಲ್ಲೇ ಬಿಡುವುದು. ಅವು ಬೇರೆ ಕಯೋಟಿಗಳನ್ನು ಒಳಗೆ ಬಿಡುವುದಿಲ್ಲ, ಬೆರಕೆ ಮರಿಯನ್ನೂ ಹಾಕುವುದಿಲ್ಲ. ತೋಳ ಬರುವವರೆಗೆ ಜಾಗ ಕಾಯುತ್ತವೆ. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದಂತೆ ಅನ್ನಿ.

ಸೋರಿದ್ದು ಎಲ್ಲಿ?

ಇಷ್ಟೆಲ್ಲಾ ಆದ ಮೇಲೂ ಗಂಟು ಕರಗಿತು. ಕಯೋಟಿ ಬೇಟೆಗೆ ಹೋದವರು ತೋಳಕ್ಕೆ ಗುಂಡಿಟ್ಟರು. ಕೆಲವರು ತಿಳಿಯದೆ, ಕೆಲವರು ತಿಳಿದೇ. ಜಮೀನುದಾರರು 'ನಮ್ಮ ಹೊಲದಲ್ಲಿ ನಿಮ್ಮ ತೋಳ ಬೇಡ' ಎಂದರು. ೨೦೧೫ರಲ್ಲಿ ಇಲಾಖೆ ಹೊಸದಾಗಿ ಬಿಡುವುದನ್ನೇ ನಿಲ್ಲಿಸಿತು. ೨೦೧೯, ೨೦೨೦, ೨೦೨೧, ಮೂರು ವರ್ಷ ಕಾಡಿನಲ್ಲಿ ಒಂದು ಮರಿಯೂ ಹುಟ್ಟಲಿಲ್ಲ. ೨೦೨೦ರಲ್ಲಿ ಗುರುತು ಸಿಕ್ಕಿದ್ದು ಏಳೇ ಏಳು.

ಸಂರಕ್ಷಣೆಯವರು ಕೋರ್ಟಿಗೆ ಹೋದರು. ೨೦೨೧ರಲ್ಲಿ ಆದೇಶ ಬಂತು, ಬಿಡುವ ಕೆಲಸ ಮತ್ತೆ ಶುರುವಾಯಿತು. ೨೦೨೨ರಲ್ಲಿ ೬ ಮರಿ ಹುಟ್ಟಿದವು. ಆದರೂ ಆಮೇಲಿನ ವರ್ಷಗಳ ಎಣಿಕೆ ನೋಡಿದರೆ, ಕಾಡಿನ ಕೆಂಪು ತೋಳಗಳಷ್ಟನ್ನೂ ಒಂದೇ ಬಸ್ಸಿನಲ್ಲಿ ಕೂರಿಸಬಹುದು, ಸೀಟು ಇನ್ನೂ ಖಾಲಿ ಉಳಿಯುತ್ತದೆ.

ಬಸ್ಸಿನ ಮಾತು ಬಂತು, ರಸ್ತೆಯ ಮಾತೂ ಹೇಳಬೇಕು. ಆ ಅಭಯಾರಣ್ಯವನ್ನು ಸೀಳಿಕೊಂಡು ೬೪ನೇ ನಂಬರಿನ ಹೆದ್ದಾರಿ ಹೋಗುತ್ತದೆ. ೨೦೨೪ರಲ್ಲಿ ಅಲ್ಲಿ ಒಂದು ಗಂಡು ತೋಳ ವಾಹನಕ್ಕೆ ಸಿಕ್ಕಿ ಸತ್ತಿತು. ಮನೆಯಲ್ಲಿ ೫ ಮರಿಗಳಿದ್ದವು. ದುಡಿದು ತರುವ ಅಪ್ಪನಿಲ್ಲದೆ ಅವೂ ಬದುಕಲಿಲ್ಲ. ಒಂದು ಗಾಡಿ, ಒಂದು ಕ್ಷಣ, ಒಂದು ಸಂಸಾರ! ತೋಳಗಳ ಕತ್ತಿಗೆ ಹೊಳೆಯುವ ಕಿತ್ತಳೆ ಪಟ್ಟಿ ಕಟ್ಟಿದ್ದಾರೆ. ರಸ್ತೆಯಡಿ ಪ್ರಾಣಿಗಳು ದಾಟಲು ದಾರಿ ಮಾಡುವುದಕ್ಕೆ ೨೦೨೪ರ ಡಿಸೆಂಬರಿನಲ್ಲಿ ೨.೫ ಕೋಟಿ ಡಾಲರ್ ಮಂಜೂರಾಯಿತು.

ನಮಗೇನು ಅಂತೀರಾ?

ನಮ್ಮ ತೋಳವೇನೂ ಸುಖವಾಗಿಲ್ಲ. ಹುಲಿಯನ್ನು ರಕ್ಷಿಸುವ ಅದೇ ಮೊದಲ ಪಟ್ಟಿಯಲ್ಲಿ ಕಾಯಿದೆ ತೋಳವನ್ನೂ ಇಟ್ಟಿದೆ. ಇಡೀ ದೇಶದಲ್ಲಿ ಇರುವುದು ಮೂರು ಸಾವಿರದ ಸುತ್ತಮುತ್ತ. ಮಂಡ್ಯ ಜಿಲ್ಲೆಯ ಮೇಲುಕೋಟೆಯಲ್ಲಿ ೧೯೭೪ರಷ್ಟು ಹಿಂದೆಯೇ ತೋಳಕ್ಕೆಂದು ಅಭಯಧಾಮ ಮಾಡಿದರು. ಆದರೆ ತೋಳ ಬೇಲಿ ನೋಡಿ ಬಾಳುವ ಪ್ರಾಣಿಯಲ್ಲ. ಗೋಮಾಳ, ಕುರುಚಲು, ಬೀಳು ಹೊಲ, ಕುರಿ ಹಟ್ಟಿಯ ಅಂಚು, ಇವೇ ಅದರ ಊರು. ಅಲ್ಲೆಲ್ಲ ಈಗ ಲೇಔಟು, ರಸ್ತೆ, ಬೀದಿ ನಾಯಿ. ಪುಣೆಯ ಕಡೆ ತೋಳ ಮತ್ತು ನಾಯಿ ಬೆರಕೆಯಾಗಿರುವುದನ್ನು ೨೦೨೩ರಲ್ಲಿ ವಿಜ್ಞಾನಿಗಳು ತಳಿ ಪರೀಕ್ಷೆಯಿಂದ ಖಚಿತಪಡಿಸಿದರು. ಅಲ್ಲಿ ಕಯೋಟಿ, ಇಲ್ಲಿ ನಾಯಿ. ರೋಗ ಒಂದೇ.

ಬೋನಿನಲ್ಲಿ ಮರಿ ಮಾಡಿಸುವುದು ತಪ್ಪಲ್ಲ. ಆ ೧೪ ಇಲ್ಲದಿದ್ದರೆ ಕೆಂಪು ತೋಳ ಇವತ್ತು ಬರೀ ಚಿತ್ರ. ಆದರೆ ಅದು ವಿಮೆ ಇದ್ದಂತೆ. ವಿಮೆ ಇದೆ ಎಂದು ಯಾರೂ ಅಂಗಡಿಗೆ ಬೆಂಕಿ ಹಚ್ಚುವುದಿಲ್ಲ. ಅರ್ಧ ಶತಮಾನ ಬೋನಿನಲ್ಲಿ ಗೆದ್ದವರು ಹೊರಗೆ ಸೋತದ್ದು ಗುಂಡಿಗೆ, ಗಾಡಿಗೆ, ಪಕ್ಕದ ಹೊಲದವನ ಸಿಟ್ಟಿಗೆ. ಆ ಸಿಟ್ಟಿಗೂ ಕಾರಣ ಇರುತ್ತದೆ. ರಾತ್ರಿ ನಾಲ್ಕು ಕುರಿ ಕಳೆದುಕೊಂಡವನಿಗೆ ತೋಳದ ವಂಶಾವಳಿ ಬೇಕಿಲ್ಲ, ಪರಿಹಾರದ ದುಡ್ಡು ಬೇಕು. ಅದು ಅಲೆದಾಟವಿಲ್ಲದೆ ಸಮಯಕ್ಕೆ ಸರಿಯಾಗಿ ಅವನ ಕೈ ಸೇರಲಿ. ಉಳಿದಿರುವ ಗೋಮಾಳ ಗೋಮಾಳವಾಗಿಯೇ ಇರಲಿ. ಕತ್ತಲಾದ ಮೇಲೆ ಕುರುಚಲು ಕಾಡಿನ ನಡುವೆ ಗಾಡಿ ಓಡಿಸುವವರು ಸ್ವಲ್ಪ ನಿಧಾನಿಸಲಿ.

ನಮ್ಮ ಮೂರು ಸಾವಿರ ಹದಿನಾಲ್ಕಕ್ಕೆ ಇಳಿದ ಮೇಲೆ ಖಾತೆ ಪುಸ್ತಕ ತೆರೆಯುವುದು ಬೇಡ.