ತೆರೆದ ನಾಳವು ಮತ್ತೆ ಕಿರಿದಾಗುವುದೇಕೆ?

ಹಳೆಯ ಕೊಳವೆಯಲ್ಲಿ ಸುಣ್ಣ ಕಟ್ಟಿ ನಲ್ಲಿಯ ಧಾರೆ ಸಣ್ಣದಾಗುವುದನ್ನು ನಾವೆಲ್ಲರೂ ಕಂಡಿದ್ದೇವೆ. ಕಾಲಿನ ಅಪಧಮನಿಗಳಲ್ಲಿಯೂ ವಯಸ್ಸು, ಧೂಮಪಾನ, ಮಧುಮೇಹಗಳ ದೆಸೆಯಿಂದ ಕೊಬ್ಬು ಮತ್ತು ಸುಣ್ಣದ ಅಂಶ ಸೇರಿ ಇಂತಹ ತಡೆ ಉಂಟಾಗುತ್ತದೆ. ಸ್ವಲ್ಪ ದೂರ ನಡೆಯುವಷ್ಟರಲ್ಲಿ ಮೀನಖಂಡ ನೋಯುತ್ತದೆ. ನಿಂತರೆ ನೋವು ಇಳಿಯುತ್ತದೆ. ತಡೆ ಬಲಿತರೆ ಕಾಲನ್ನೇ ಕತ್ತರಿಸಬೇಕಾದೀತು.

ದ್ರವವು ಸಣ್ಣ ಕೊಳವೆಯಲ್ಲಿ ಹರಿಯುವ ನಿಯಮವನ್ನು 1840ರ ದಶಕದಲ್ಲಿ ಫ್ರಾನ್ಸಿನ ವೈದ್ಯ ಪ್ವಾಸೆಯ್ ಪ್ರಯೋಗದಿಂದ ಕಂಡುಹಿಡಿದನು. ಒತ್ತಡವೂ ಉದ್ದವೂ ಬದಲಾಗದಿದ್ದರೆ, ಹರಿವು ತ್ರಿಜ್ಯದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆ. ತ್ರಿಜ್ಯ ಅರ್ಧವಾದರೆ ಹರಿವು ಅರ್ಧವಲ್ಲ, 16ರಲ್ಲಿ ಒಂದು ಪಾಲಾಗುತ್ತದೆ! ಮಿಡಿಯುವ ರಕ್ತಕ್ಕೆ ಈ ಲೆಕ್ಕ ಪೂರ್ಣವಾಗಿ ಹೊಂದದಿದ್ದರೂ ಅದರ ಸಾರ ಹೊಂದುತ್ತದೆ.

1964ರ ಜನವರಿಯಲ್ಲಿ ಅಮೆರಿಕದ ಪೋರ್ಟ್‌ಲೆಂಡ್ ನಗರದಲ್ಲಿ ಡಾಕ್ಟರ್ ಚಾರ್ಲ್ಸ್ ಡಾಟರ್ ಅವರು 82 ವರ್ಷದ ವೃದ್ಧೆಯೊಬ್ಬಳ ತೊಡೆಯ ಅಪಧಮನಿಯನ್ನು ನಳಿಕೆ ತೂರಿಸಿ ಹಿಗ್ಗಿಸಿದರು. ಕಾಲು ಕತ್ತರಿಸಲು ಒಪ್ಪದಿದ್ದ ಆಕೆ ಮತ್ತೆ ನಡೆದಳು. 1974ರಲ್ಲಿ ಗ್ರುಂಟ್ಸಿಗ್ ಅವರು ಈ ಕೆಲಸಕ್ಕೆ ಬಲೂನನ್ನು ತಂದರು. ಹಿಗ್ಗಿಸಿದ ನಾಳ ಕುಸಿಯದಂತೆ ಸ್ಟೆಂಟ್ ಎಂಬ ಲೋಹದ ಜಾಲರಿಯನ್ನು ಇರಿಸುವ ಪದ್ಧತಿ ಅನಂತರ ಬಂದಿತು.

ಆದರೆ ರಕ್ತನಾಳವು ನಿರ್ಜೀವ ಕೊಳವೆಯಲ್ಲ. ಬಲೂನು ಹಿಗ್ಗಿದಾಗ ಅದರ ಒಳಪೊರೆ ಗಾಯಗೊಳ್ಳುತ್ತದೆ. ಗಾಯ ಮಾಯಿಸಲು ನಡುಪದರದ ಸ್ನಾಯುಕೋಶಗಳು ಒಳಕ್ಕೆ ಸರಿದು ವೃದ್ಧಿಯಾಗುತ್ತವೆ. ಜಾಲರಿಯನ್ನು ತೆಳುವಾಗಿ ಹೊದಿಸಿದರೆ ಒಳಿತೇ. ಅಲ್ಲಿಗೆ ನಿಲ್ಲದಿದ್ದರೆ ಕೇಡು. 6 ಮಿಲಿಮೀಟರ್ ವ್ಯಾಸದ ನಾಳದ ಉದ್ದಕ್ಕೂ ಸುತ್ತಲೂ 1 ಮಿಲಿಮೀಟರ್ ಪದರ ಬೆಳೆದರೆ, ಮೇಲಿನ ನಿಯಮದಂತೆ ಹರಿವು ಸುಮಾರು ಐದರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ವಾಸಿಮಾಡುವ ಶಕ್ತಿಯೇ ಇಲ್ಲಿ ವ್ಯಾಧಿಯಾಗುತ್ತದೆ.

ಕಾಲಿನಲ್ಲಿ ಇನ್ನೊಂದು ತೊಡಕುಂಟು. ಮೊಣಕಾಲು ಮಡಿಸಿದಾಗಲೆಲ್ಲ ತೊಡೆಯ ಅಪಧಮನಿ ಕುಗ್ಗಿ, ಬಾಗಿ, ತಿರುಚಿಕೊಳ್ಳುತ್ತದೆ. ಬಾಗಿದರೂ ಪೂರ್ವಾಕಾರಕ್ಕೆ ಮರಳುವ ನಿಕಲ್–ಟೈಟೇನಿಯಂ ಮಿಶ್ರಲೋಹದ ಜಾಲರಿಯೂ ದಣಿದು ಕೆಲವೊಮ್ಮೆ ಮುರಿಯುತ್ತದೆ, ಗೋಡೆಯನ್ನು ಕೆರಳಿಸುತ್ತದೆ.

ಆದುದರಿಂದ ಕೋಶವೃದ್ಧಿಯನ್ನು ತಡೆಯುವ ಪ್ಯಾಕ್ಲಿಟ್ಯಾಕ್ಸೆಲ್ ಮುಂತಾದ ಔಷಧಗಳನ್ನು ಬಲೂನಿಗೂ ಜಾಲರಿಗೂ ಲೇಪಿಸುತ್ತಾರೆ. ಇದರಿಂದ ಮರಣ ಹೆಚ್ಚುವುದೆಂಬ ಶಂಕೆ 2018ರಲ್ಲಿ ಎದ್ದಿತ್ತು. ಹೆಚ್ಚಿನ ಮಾಹಿತಿಯನ್ನು ಪರಿಶೀಲಿಸಿದ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಅದಕ್ಕೆ ಆಧಾರವಿಲ್ಲವೆಂದು 2023ರಲ್ಲಿ ತಿಳಿಸಿತು.

ಚಿಕಿತ್ಸೆ ಪಡೆದವರಿಗೆ ನಡೆಯುವಾಗ ಹಳೆಯ ನೋವು ಮರುಕಳಿಸಿದರೆ, ‘ವಯಸ್ಸಾಯಿತು’ ಎಂದು ಸುಮ್ಮನಿರಬಾರದು, ವೈದ್ಯರಿಗೆ ತೋರಿಸಬೇಕು. ತಂಬಾಕನ್ನು ಬಿಡಬೇಕು. ಒಂದು ಮಿಲಿಮೀಟರಿನ ಬೆಲೆ ಏನೆಂಬುದನ್ನು ನಾವು ಈಗಾಗಲೇ ಕಂಡಿದ್ದೇವೆ.